ಏರಿದವರು ಇಳಿಯಲೂ ಬೇಕು

ನಮ್ಮ ಬಂಧುವರ್ಗದಲ್ಲಿ ಮದುವೆ ಉಪನಯನಗಳ ಊಟ ಮುಗಿದು ತಾಂಬೂಲದ ತಟ್ಟೆ ಮುಂದೆ ಬಂದೊಡನೆ ನನ್ನ ಭಾವಮೈದುನನು ಕುಮಾರಪರ್ವತದ ಕಥೆಯನ್ನು ಆರಂಭಿಸುವುದುಂಟು. ಆ ಕಥೆಯಲ್ಲಿ ಅವನು ಧೀರನಾದ ಮಾರ್ಗದರ್ಶಿ. ನಾನು ನಡುದಾರಿಯಲ್ಲಿ ಕುಳಿತು ಹಟ ಹಿಡಿದ ವೃದ್ಧ ಉಪಾಧ್ಯಾಯ. ಕೇಳಿದ ತರುಣರಲ್ಲಿ ಕೆಲವರು ಅದನ್ನೇ ಪ್ರಮಾಣವೆಂದು ನಂಬಿ ಅವನು ಹೋದ ರೀತಿಯಲ್ಲಿಯೇ ಹೊರಡಲು ಸಿದ್ಧರಾಗುತ್ತಿರುವುದರಿಂದ, ನಡೆದುದನ್ನು ನಡೆದಂತೆ ಬರೆದಿಡುವುದು ನನ್ನ ಕರ್ತವ್ಯವೆಂದು ತೋರಿತು. ನಾನು ನಡುದಾರಿಯಲ್ಲಿ ಕುಳಿತದ್ದು ನಿಜ. ಏಕೆ ಕುಳಿತೆನೆಂಬುದನ್ನು ಮಾತ್ರ ಅವನು ಯಾರಿಗೂ ಹೇಳುವುದಿಲ್ಲ.

ಪುಷ್ಪಗಿರಿ ವನ್ಯಜೀವಿಧಾಮದ ಈ ಶಿಖರದ ಎತ್ತರ 1712 ಮೀಟರು. ಅಂಕಿಯನ್ನು ಮಾತ್ರ ನೋಡುವವರಿಗೆ 1930 ಮೀಟರಿನ ಮುಳ್ಳಯ್ಯನಗಿರಿಯ ಮುಂದೆ ಇದು ಅಲ್ಪವೆಂದು ತೋರಬಹುದು. ಆದರೆ ಅಲ್ಲಿ ನೆತ್ತಿಯ ಸಮೀಪದವರೆಗೆ ಮೋಟಾರು ಹೋಗುತ್ತದೆ, ಇಲ್ಲಿ ಘಟ್ಟದ ಬುಡದ ಕುಕ್ಕೆಯಿಂದ ಹೊರಟವನು ಸಾವಿರದ ಐನೂರು ಮೀಟರಿಗೂ ಮಿಗಿಲಾದ ಎತ್ತರವನ್ನು ತನ್ನ ಮೊಣಕಾಲುಗಳ ಬಲದಿಂದಲೇ ಏರಬೇಕು. ದಾರಿ ಒಂದು ಕಡೆಗೆ ಸುಮಾರು 13 ಕಿಲೋಮೀಟರು. ಕೊಡಗಿನ ಬೀಡಳ್ಳಿಯ ಕಡೆಯಿಂದ ಅದರ ಅರ್ಧದಷ್ಟೇ ದೂರ. ಈ ಎರಡು ದಾರಿಗಳ ಭೇದವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರಿಂದ ಪ್ರಯೋಜನವುಂಟು.

ಕಾರ್ತಿಕಮಾಸದಲ್ಲಿ ನಾನು, ಭಾವಮೈದುನ ಮತ್ತು ಅವನ ಇಬ್ಬರು ಮಕ್ಕಳು ಕುಕ್ಕೆಯಲ್ಲಿ ದೇವರ ದರ್ಶನ ಮಾಡಿಕೊಂಡು ಹೊರಟೆವು. ಗಿರಿಗದ್ದೆಯವರೆಗಿನ ದಾರಿ ದಟ್ಟವಾದ ಕಾಡಿನೊಳಗಿನದು. ಬೇರುಗಳೇ ಮೆಟ್ಟಿಲುಗಳಾಗಿರುವ ಆ ಏರುದಾರಿಯಲ್ಲಿ ಭೀಮನಕಲ್ಲಿನ ಬಳಿ ಸ್ವಲ್ಪ ವಿಶ್ರಮಿಸಿ, ಕಾಲಿಗೆ ಹತ್ತಿದ ಇಂಬಳಗಳನ್ನು ಉಪ್ಪು ಸವರಿ ಉದುರಿಸಿಕೊಳ್ಳುತ್ತ, ಸಂಜೆಯ ಹೊತ್ತಿಗೆ ಗಿರಿಗದ್ದೆಯ ಭಟ್ಟರ ಮನೆಯನ್ನು ಸೇರಿದೆವು. ಚಾರಣಿಗರಿಗೆ ಬಹುಕಾಲದಿಂದ ಅನ್ನವಿಕ್ಕುತ್ತ ಬಂದ ಆ ಮನೆಯ ಸಾರು ಮಜ್ಜಿಗೆಗಳ ರುಚಿಯನ್ನು, ಆ ಕಾಡನ್ನು ಏರಿ ಬಂದ ಹಸಿವಿನಿಂದಲ್ಲದೆ ಬೇರೆ ಯಾವುದರಿಂದಲೂ ಅರಿಯಲಾಗದು.

ಮರುದಿನ ನಸುಕಿನಲ್ಲಿಯೇ ಹೊರಡಬೇಕೆಂದು ನಾನು ಹೇಳಿದ್ದೆನು. ಗಿರಿಗದ್ದೆಯಿಂದ ಮೇಲೆ ಹುಲ್ಲುಗಾವಲಿನ ಏಣು. ಬಿಸಿಲಿಗೆ ಮರೆಯಾಗಿ ನಿಲ್ಲಲು ಒಂದು ಮರವೂ ದುರ್ಲಭ. ಆದರೆ ಭಾವಮೈದುನನಿಗೆ ಸಾವಕಾಶವಾಗಿ ಸ್ನಾನವಾಗಬೇಕು, ಎರಡನೆಯ ಸಲ ಕಾಫಿಯಾಗಬೇಕು, ಅನಂತರ ತನ್ನ ಕಾಲೇಜು ದಿನಗಳ ಪರ್ವತಾರೋಹಣದ ವೃತ್ತಾಂತವನ್ನು ಅಲ್ಲಿದ್ದ ಅಪರಿಚಿತರಿಗೂ ವಿಸ್ತರಿಸಿ ಹೇಳಬೇಕು. ಹೊರಟಾಗ ಒಂಬತ್ತು ಕಳೆದಿತ್ತು. ಕಲ್ಲುಮಂಟಪವನ್ನು ಮುಟ್ಟುವಷ್ಟರಲ್ಲಿ ಹುಡುಗರ ಮುಖ ಕೆಂಪಾಗಿ, ಒಯ್ದ ನೀರಿನಲ್ಲಿ ಬಹುಪಾಲು ಮುಗಿದಿತ್ತು. ಅಲ್ಲಿಯ ಒರತೆಯಲ್ಲಿ ಸೀಸೆಗಳನ್ನು ತುಂಬಿಸುತ್ತ ನಾನು, “ಇವತ್ತಿಗೆ ಇಷ್ಟು ಸಾಕು, ಇಲ್ಲಿಂದಲೇ ಹಿಂದಿರುಗೋಣ” ಎಂದೆನು.

“ನೀವೊಮ್ಮೆ ಸುಮ್ಮನೆ ಬನ್ನಿ ಭಾವಾ. ಈ ಗುಡ್ಡದ ಕಲ್ಲು ಕಲ್ಲೂ ನನಗೆ ಗೊತ್ತುಂಟು ಮಾರಾಯ್ರೆ” ಎಂದು ಅವನು ಕೋಲನ್ನು ಊರಿ ಮುಂದೆ ನಡೆದೇಬಿಟ್ಟನು. ಮಕ್ಕಳು ತಂದೆಯ ಹಿಂದೆ ಹೋದರು. ಮಕ್ಕಳ ಹಿಂದೆ ನಾನು ಹೋಗಲೇಬೇಕಾಯಿತು.

ಶೇಷಪರ್ವತವನ್ನು ದಾಟಿ, ಶೋಲಾ ಕಾಡಿನೊಳಕ್ಕೆ ಇಳಿದು, ಪಾಚಿಗಟ್ಟಿ ನೀರು ಜಿನುಗುವ ಓರೆಬಂಡೆಯನ್ನು ಕೈಕಾಲುಗಳೆರಡರಿಂದಲೂ ಹತ್ತಿ ಶಿಖರವನ್ನು ಮುಟ್ಟಿದಾಗ ಮಧ್ಯಾಹ್ನ ಮೂರು. ತಾರಕಾಸುರನನ್ನು ವಧಿಸಿದ ಬಳಿಕ ಕುಮಾರಸ್ವಾಮಿಯು ಇಲ್ಲಿಗೆ ಬಂದನೆಂದು ಐತಿಹ್ಯ. ಕುಮಾರಪಾದಕ್ಕೆ ನಮಸ್ಕರಿಸಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆ ಹುಟ್ಟುವ ಈ ಮಲೆಯಿಂದ ಘಟ್ಟದ ಸಾಲನ್ನು ಕಣ್ತುಂಬ ನೋಡೋಣವೆಂದು ತಲೆಯೆತ್ತಿದರೆ, ನಾಲ್ಕೂ ದಿಕ್ಕುಗಳಲ್ಲಿ ಮಂಜಲ್ಲದೆ ಬೇರೇನೂ ಕಾಣಿಸಲಿಲ್ಲ.

ಇಳಿಯುವಾಗ ಆ ಓರೆಬಂಡೆ ಏರುವಾಗಿನ ಬಂಡೆಯಾಗಿ ಉಳಿದಿರಲಿಲ್ಲ. ಮೇಲೇರುವವನು ಹಿಡಿತವನ್ನು ಕಣ್ಣಿನಿಂದ ಕಂಡು ಕೈಯಿಡುತ್ತಾನೆ; ಇಳಿಯುವವನು ಕಾಣದ ಕಡೆಗೆ ಕಾಲು ಚಾಚಬೇಕಾಗುತ್ತದೆ. ಕುಳಿತು ಕುಳಿತು ಜಾರಿ ಅದನ್ನು ದಾಟಿ ಶೇಷಪರ್ವತದ ಮೇಲಕ್ಕೆ ಬರುವಷ್ಟರಲ್ಲಿ ಐದೂವರೆಯಾಗಿ, ಮಂಜು ಸಂಜೆಯನ್ನು ನುಂಗಿ ಕತ್ತಲೆಯನ್ನು ಅವಧಿಗೆ ಮುನ್ನವೇ ತಂದಿಟ್ಟಿತು. ಹುಡುಗರು ಮೊಬೈಲಿನ ಬೆಳಕು ಹಾಯಿಸಿದರು. ಆ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಹಿಂದಿರುಗಿ, ಮೊಳದುದ್ದದ ಆಚೆಗೆ ಸುಣ್ಣ ಬಳಿದ ಗೋಡೆಯೊಂದು ಎದ್ದು ನಿಂತಂತಾಯಿತು. ಎರಡೂ ಕಡೆ ಎದೆಯೆತ್ತರದ ಹುಲ್ಲು; ಗಾಳಿಯ ಸದ್ದಿನಲ್ಲಿ ಒಬ್ಬನ ಮಾತು ಇನ್ನೊಬ್ಬನಿಗೆ ಕೇಳದು.

ಭಾವಮೈದುನನು ಮುಂದೆ ನಡೆಯುತ್ತಿದ್ದನು. ಸ್ವಲ್ಪ ದೂರ ಹೋಗುವಷ್ಟರಲ್ಲಿ ದಾರಿ ಇದ್ದಕ್ಕಿದ್ದಂತೆ ಸುಗಮವಾಯಿತು. ಕಲ್ಲಿಲ್ಲ, ಕೊರಕಲಿಲ್ಲ, ಹುಲ್ಲು ಇಬ್ಬದಿಗೂ ಅಗಲವಾಗಿ ಒರಗಿತ್ತು. “ಕಂಡಿರಾ, ದಾರಿ ಎಷ್ಟು ಚೊಕ್ಕಟ!” ಎಂದು ಅವನು ಹರ್ಷಗೊಂಡನು. ನನಗೆ ಹರ್ಷವಾಗಲಿಲ್ಲ. ಬರುವಾಗ ಕಾಲಿಗೆ ಎಡವಿದ ಕಲ್ಲುಗಳು ಹೋಗುವಾಗ ಎಲ್ಲಿ ಮಾಯವಾದವು? ಬಗ್ಗಿ ಬೆಳಕನ್ನು ನೆಲದ ಸಮೀಪಕ್ಕೆ ಹಿಡಿದು ನೋಡಿದೆನು. ಪಾದರಕ್ಷೆಯ ಗುರುತು ಒಂದೂ ಇರಲಿಲ್ಲ; ಸೀಳುಗೊರಸಿನ ದೊಡ್ಡ ಹೆಜ್ಜೆಗಳೂ, ಇನ್ನೂ ಹಸಿಯಾಗಿದ್ದ ಸೆಗಣಿಯೂ ಇದ್ದವು. ಅದು ಕಾಟಿಗಳು ಮೇವಿಗೆ ಹೋಗುವ ಹಾದಿ.

ನಾನು ಅಲ್ಲಿಯೇ ಕುಳಿತೆನು. ಅವನು ಗದರಿದನು, ಬೇಡಿದನು, ವಯಸ್ಸಾದವರನ್ನು ಕರೆತರಬಾರದಿತ್ತೆಂದು ಮಕ್ಕಳ ಮುಂದೆಯೇ ಹೇಳಿದನು. ನಾನು ಏಳಲಿಲ್ಲ, ಕಿರಿಯವನ ಕೈಯನ್ನು ಹಿಡಿದುಕೊಂಡು ಅವನನ್ನೂ ಏಳಗೊಡಲಿಲ್ಲ. ಚಳಿಯಿಂದ ಆ ಹುಡುಗನ ಹಲ್ಲು ಕಟಕಟಿಸುವುದು ನನ್ನ ತೋಳಿಗೆ ತಿಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಕಳೆಯಿತೋ, ಗಾಳಿಯ ಒಂದು ಬೀಸಿಗೆ ಮಂಜಿನ ತೆರೆ ಹರಿಯಿತು. ಭಾವಮೈದುನನು ನಿಂತಿದ್ದ ಸ್ಥಳದಿಂದ ಕೆಲವೇ ಮಾರುಗಳ ಮುಂದೆ ಕಾಟಿಗಳ ಹಾದಿ ಬಲಕ್ಕೆ ಹೊರಳಿತ್ತು. ನೇರಕ್ಕೆ ನೆಲವೇ ಇರಲಿಲ್ಲ. ಹೆಡೆಯೆತ್ತಿದ ಸರ್ಪದಂತಿರುವ ಆ ಪರ್ವತದ ಕಡಿದಾದ ಪಾರ್ಶ್ವವು ಕಂದರಕ್ಕೆ ಇಳಿದು ಹೋಗಿತ್ತು, ಅದರ ತಳದಲ್ಲಿ ಕಾಡು ಕರ್ರಗೆ ಕಾಣುತ್ತಿತ್ತು. ಮಂಜು ಮತ್ತೆ ಮುಚ್ಚಿಕೊಂಡಿತು. ಯಾರೂ ಮಾತನಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವನು, ಕಾಲೇಜು ದಿನಗಳಲ್ಲಿ ತಾನು ಬೀಡಳ್ಳಿಯಿಂದ ಹತ್ತಿ ಬೀಡಳ್ಳಿಗೇ ಇಳಿದಿದ್ದೆನೆಂದೂ, ಕುಕ್ಕೆಯ ಈ ದಾರಿಯನ್ನು ತಾನೂ ಮೊದಲ ಸಲ ನೋಡುತ್ತಿದ್ದೇನೆಂದೂ ಸಣ್ಣ ದನಿಯಲ್ಲಿ ಹೇಳಿದನು.

ಅಲ್ಲಿಂದ ಮುಂದೆ ನಾನು ನಡೆಸಿದೆನು. ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಿ, ಬೂಟುಗಳಿಂದ ಸವೆದು ಹೊಳಪೇರಿದ ಕಲ್ಲುಗಳು ಸಿಕ್ಕುವವರೆಗೆ ಏಣನ್ನು ತಡಕಿ, ಸಿಕ್ಕ ಮೇಲೆ ಆ ಹೊಳಪನ್ನು ಬಿಡದೆ, ಒಂದು ಕಲ್ಲಿನಿಂದ ಇನ್ನೊಂದು ಕಲ್ಲು ಕಾಣಿಸಿದ ಹೊರತು ಹೆಜ್ಜೆಯೆತ್ತದೆ, ನಡುರಾತ್ರಿಯ ಸಮೀಪಕ್ಕೆ ಗಿರಿಗದ್ದೆಯನ್ನು ತಲುಪಿದೆವು. ಭಟ್ಟರ ಮನೆಯವರು ಏನನ್ನೂ ಕೇಳದೆ ಬಿಸಿನೀರು ಕಾಯಿಸಿದರು.

ಇನ್ನು ಹೋಗುವವರಿಗೆ ನಾಲ್ಕು ಮಾತು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ದಾರಿಯಲ್ಲಿ ಉಂಟಾದ ವಿಪರೀತ ಜನಸಂದಣಿಯ ತರುವಾಯ ಮುಂಗಡವಾಗಿ ಆನ್‌ಲೈನಿನಲ್ಲಿ ಅನುಮತಿ ಪಡೆಯುವ ಕ್ರಮ ಬಂದಿದೆ, ದಿನಕ್ಕೆ ಇಂತಿಷ್ಟೇ ಜನರೆಂಬ ಮಿತಿಯೂ ಇದೆ. ಆದುದರಿಂದ ಚೀಟಿಯಿಲ್ಲದೆ ಕುಕ್ಕೆಯವರೆಗೆ ಹೋಗಿ ಪರಿತಪಿಸಬೇಡಿ. ಮಳೆಗಾಲದಲ್ಲಿ ಹೋಗುವ ಯೋಚನೆಯನ್ನೇ ಮಾಡಬೇಡಿ. ಕಲ್ಲುಮಂಟಪದ ನೀರನ್ನು ಬೇಸಗೆಯಲ್ಲಿ ನಂಬಬೇಡಿ. ಮಂಜಿನಲ್ಲಿ ದೀಪವನ್ನು ಹಣೆಯೆತ್ತರಕ್ಕೆ ಹಿಡಿಯದೆ ಸೊಂಟದ ಕೆಳಗೆ ಹಿಡಿಯಿರಿ. ದಾರಿ ಒಮ್ಮೆಗೇ ಚೊಕ್ಕಟವಾದರೆ ನಿಂತು ನೆಲವನ್ನು ನೋಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿದ್ದರೂ ಸರಿಯೇ ಇಂಥ ಗಂಟೆಗೆ ಹಿಂದಿರುಗುವೆವೆಂದು ಮನೆಯಲ್ಲಿಯೇ, ಸಾಕ್ಷಿಗಳ ಸಮಕ್ಷಮದಲ್ಲಿ, ನಿಶ್ಚಯಿಸಿ ಹೊರಡಿರಿ. ಶಿಖರ ಕಣ್ಣೆದುರಿಗೆ ನಿಂತಾಗ ಮಾಡುವ ಲೆಕ್ಕವು ಲೆಕ್ಕವಲ್ಲ, ಬರಿಯ ಆಸೆ.

ಗುಂಪಿನಲ್ಲಿ ಮೊದಲು “ಹಿಂದಿರುಗೋಣ” ಎಂದವನನ್ನು ದಯವಿಟ್ಟು ಹೇಡಿಯೆಂದು ಕರೆಯಬೇಡಿ. ಮಿಕ್ಕವರು ನಾಚಿಕೆಯಿಂದ ನುಂಗಿಕೊಂಡ ಮಾತನ್ನೇ ಅವನು ಬಾಯಿಬಿಟ್ಟು ಹೇಳಿರುತ್ತಾನೆ.