ಪೈಥಾನ್ ಸ್ಕ್ರಿಪ್ಟ್‌ನಿಂದ ಟೆಸ್ಟ್ ನಾಣ್ಯ ಪಡೆಯುವುದು ಹೇಗೆ?

ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿಯಲ್ಲಿ 65,000 ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಬ್ಲಾಕ್‌ಚೈನ್‌ಗೆ ಸೇರಿಸುವ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ 2022ರಲ್ಲಿ ಕೈಗೆತ್ತಿಕೊಂಡಿತು. ಇಂಥ ವ್ಯವಸ್ಥೆ ಕಟ್ಟುವ ವಿದ್ಯೆಯನ್ನು ದತ್ತವಾಡದಿಂದ ಇಚಲಕರಂಜಿಗೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳೂ ಕಲಿಯಬಹುದು. ಪಾಲಿಗಾನ್‌ನಂಥ ಬ್ಲಾಕ್‌ಚೈನ್‌ನಲ್ಲಿ ಪ್ರತಿ ವ್ಯವಹಾರಕ್ಕೂ ಶುಲ್ಕ ಉಂಟು. ಆದರೆ ಕಲಿಯುವವರು ಕೈಯಿಂದ ಹಣ ಹಾಕಬೇಕಿಲ್ಲ. ಪ್ರಯೋಗಕ್ಕೆಂದೇ ಇರುವ ಟೆಸ್ಟ್ ಜಾಲದ ನಾಣ್ಯವನ್ನು ‘ಫಾಸೆಟ್’ ಎಂಬ ಸೇವೆ ಪುಕ್ಕಟೆ ಕೊಡುತ್ತದೆ. ಸೊಲಾನಾ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಟೆಸ್ಟ್ ಜಾಲವಾದ ಡೆವ್‌ನೆಟ್‌ನಲ್ಲಿ ಅದನ್ನು ಪಡೆಯುವ ಕ್ರಮ ಹೀಗಿದೆ.

1. ಹೊಸ ವಾಲೆಟ್: ಸೊಲಾನಾದ ಕಮಾಂಡ್ ಟೂಲ್ ಇನ್‌ಸ್ಟಾಲ್ ಮಾಡಿ, ಟರ್ಮಿನಲ್‌ನಲ್ಲಿ ‘ಸೊಲಾನಾ-ಕೀಜೆನ್ ನ್ಯೂ’ ಎಂಬ ಕಮಾಂಡ್ ಕೊಡಿ. ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ತೆರೆಯ ಮೇಲೆ ಕಾಣುವ ಪಬ್ಲಿಕ್ ಕೀ ನಿಮ್ಮ ವಿಳಾಸ. ನಿಜವಾದ ಹಣವಿರುವ ವಾಲೆಟ್ ಅನ್ನು ಕಲಿಕೆಗೆ ಬಳಸಲೇಬೇಡಿ.

2. ಕೈಯಾರೆ ಪರೀಕ್ಷೆ: ‘ಸೊಲಾನಾ ಕಾನ್ಫಿಗ್ ಸೆಟ್’ ಕಮಾಂಡ್‌ನಿಂದ ಡೆವ್‌ನೆಟ್ ಆರಿಸಿಕೊಂಡು, ‘ಸೊಲಾನಾ ಏರ್‌ಡ್ರಾಪ್ 1’ ಎಂದು ಕೇಳಿ ನೋಡಿ. ಒಂದು ಸೊಲ್ (ಸೊಲಾನಾದ ನಾಣ್ಯ) ಬಂದರೆ ದಾರಿ ಸರಿಯಿದೆ.

3. ಸ್ಕ್ರಿಪ್ಟ್: ಪೈಥಾನ್‌ನ ‘ರಿಕ್ವೆಸ್ಟ್ಸ್’ ಲೈಬ್ರರಿ ಮೂಲಕ ಡೆವ್‌ನೆಟ್‌ನ ಆರ್‌ಪಿಸಿ ವಿಳಾಸಕ್ಕೆ ಪೋಸ್ಟ್ ವಿನಂತಿ ಕಳಿಸಿ. ಅದರ ಜೆಸಾನ್‌ನಲ್ಲಿ ಜೆಸಾನ್-ಆರ್‌ಪಿಸಿ ಆವೃತ್ತಿ 2.0, ಐಡಿ, ಮೆಥಡ್, ಪ್ಯಾರಾಮ್ಸ್ ಎಂಬ ನಾಲ್ಕು ಭಾಗಗಳಿರಲಿ. ಮೆಥಡ್‌ನ ಹೆಸರು ‘ರಿಕ್ವೆಸ್ಟ್‌ಏರ್‌ಡ್ರಾಪ್’. ಎರಡೂ ಪದ ಕೂಡಿಸಿ ಬರೆದು, ಎರಡನೆಯದರ ಮೊದಲಕ್ಷರ ಮಾತ್ರ ದೊಡ್ಡದಿಡಿ. ಪ್ಯಾರಾಮ್ಸ್‌ನಲ್ಲಿ ಮೊದಲು ವಿಳಾಸ, ನಂತರ ಮೊತ್ತ. ಮೊತ್ತ ಲ್ಯಾಂಪೋರ್ಟ್‌ಗಳಲ್ಲಿರಬೇಕು: ಒಂದು ಸೊಲ್ ಎಂದರೆ 100 ಕೋಟಿ ಲ್ಯಾಂಪೋರ್ಟ್.

4. ಉತ್ತರ ಓದುವುದು: ‘ರಿಸಲ್ಟ್’ ಎಂದು ಬಂದರೆ ಅದು ವ್ಯವಹಾರದ ಸಹಿ. ಸಹಿ ಸಿಕ್ಕಿತೆಂದ ಮಾತ್ರಕ್ಕೆ ನಾಣ್ಯ ಬಂದಿತೆಂದಲ್ಲ. ಕೆಲವು ಸೆಕೆಂಡ್ ಬಿಟ್ಟು ‘ಗೆಟ್‌ಬ್ಯಾಲೆನ್ಸ್’ ಮೆಥಡ್‌ನಿಂದ ಶಿಲ್ಕು ನೋಡಿ.

5. 429 ಬಂದರೆ: ಮಿತಿ ಮೀರಿ ಕೇಳಿದ್ದೀರಿ ಎಂದರ್ಥ. ಬಿಡದೆ ಕೇಳುತ್ತಲೇ ಇರುವ ಲೂಪ್ ಬರೆಯಬೇಡಿ. ಪ್ರತಿ ಸಲವೂ ಮೊದಲಿಗಿಂತ ಹೆಚ್ಚು ಹೊತ್ತು ಕಾಯುವಂತೆ, ಮೂರ್ನಾಲ್ಕು ಸಲ ಸೋತರೆ ನಿಲ್ಲುವಂತೆ ಬರೆಯಿರಿ. ತುರ್ತಿದ್ದರೆ ‘ಸೊಲಾನಾ-ಟೆಸ್ಟ್-ವ್ಯಾಲಿಡೇಟರ್’ ನಡೆಸಿ. ನಿಮ್ಮ ಕಂಪ್ಯೂಟರಿನಲ್ಲೇ ಜಾಲ ಸಿದ್ಧವಾಗುತ್ತದೆ, ಅಲ್ಲಿ ನಾಣ್ಯಕ್ಕೆ ಬರವಿಲ್ಲ.

ಎಷ್ಟು ಬೇಕು? ಸೊಲಾನಾದಲ್ಲಿ ಒಂದು ಸಹಿಯ ಮೂಲ ಶುಲ್ಕ 5,000 ಲ್ಯಾಂಪೋರ್ಟ್. ಅಂದರೆ ಒಂದೇ ಸೊಲ್ ಎರಡು ಲಕ್ಷ ಸರಳ ವ್ಯವಹಾರಗಳಿಗೆ ಸಾಕು. ಸ್ವಂತ ಪ್ರೋಗ್ರಾಂ ಜಾಲಕ್ಕೆ ಏರಿಸುವಾಗ ಹೆಚ್ಚು ಬೇಕಾಗುತ್ತದೆ.

ಸ್ಕ್ರಿಪ್ಟ್ ಬರೆಯಬಲ್ಲವರು ಫಾಸೆಟ್ ಅನ್ನು ಬರಿದು ಮಾಡಲೂ ಬಲ್ಲರು. ಇಥೀರಿಯಂ ಬ್ಲಾಕ್‌ಚೈನ್‌ನ ಗೋರ್ಲಿ ಟೆಸ್ಟ್ ಜಾಲದಲ್ಲಿ ನಾಣ್ಯದ ಅಭಾವ ಎಷ್ಟಾಯಿತೆಂದರೆ, 2023ರಲ್ಲಿ ಆ ನಾಣ್ಯ ದುಡ್ಡಿಗೆ ಮಾರಾಟವಾಯಿತು. ಕಲಿಯುವವರಿಗೆಂದು ಇಟ್ಟದ್ದು ಕಲಿಯುವವರಿಗೇ ಸಿಗದಂತಾಯಿತು. ಆದ್ದರಿಂದ ಟೆಸ್ಟ್ ನಾಣ್ಯಕ್ಕೆ ಯಾರಿಗೂ ಹಣ ಕೊಡಬೇಡಿ, ವಾಲೆಟ್ ಮರಳಿ ಪಡೆಯಲು ಬಳಸುವ ಗುಟ್ಟಿನ ‘ಸೀಡ್’ ಪದಗಳನ್ನು ಯಾರಿಗೂ ಹೇಳಬೇಡಿ, ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕೇಳಿ.