ಹಳೆಯ ಡೀಸೆಲ್ ಎಂಜಿನ್ನಿಗೆ ಇಂಧನ ಸರಿಯಾಗಿ ತಲುಪದಿದ್ದಾಗ: ಟ್ಯಾಂಕಿನಿಂದ ನಾಝಲ್‌ವರೆಗೆ ಒಂದು ಪರಿಶೀಲನೆ

ಗಿರಣಿ ಮಾಲೀಕರ ಲೆಕ್ಕಪತ್ರಗಳಲ್ಲಿ ‘ಡೀಸೆಲ್ ಮತ್ತು ಆಯಿಲ್ ಖರ್ಚು’ ಎಂಬುದು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುವ ಬಾಬ್ತು. ವರ್ಷಾಂತ್ಯದಲ್ಲಿ ಮೊತ್ತ ಹೆಚ್ಚಿದ್ದರೆ ದರ ಏರಿತೆಂದೋ, ವಿದ್ಯುತ್ ಹೆಚ್ಚು ಹೋಯಿತೆಂದೋ ಕಾರಣ ಹೇಳಿ ಮುಂದೆ ಸಾಗುವುದು ರೂಢಿ. ಲೆಕ್ಕಪರಿಶೋಧಕನಾದ ನಾನು ಎಂಜಿನ್ನಿನ ವಿಷಯವಾಗಿ ಬರೆಯುವುದು ಕೆಲವು ಓದುಗರಿಗೆ ವಿಚಿತ್ರವೆನಿಸಬಹುದು. ಆದರೆ ಈ ಒಂದು ಸಾಲನ್ನು ನಾನು ತಪ್ಪಾಗಿ ಓದಿದ್ದರಿಂದ ಒಬ್ಬ ಕೆಲಸಗಾರನ ಮೇಲೆ ಸಂಶಯ ಬಂದ ಪ್ರಸಂಗವೊಂದು ಇದೆ. ಆದ್ದರಿಂದ ಈ ವಿಷಯವನ್ನು ಬಲ್ಲವರಿಂದ ಕೇಳಿ ತಿಳಿದು ಇಲ್ಲಿ ನಿವೇದಿಸುತ್ತಿದ್ದೇನೆ.

1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧಗೊಂಡು ಎಡದಂಡೆ ಕಾಲುವೆಗೆ ನೀರು ಹರಿದ ನಂತರ ಸಿಂಧನೂರು ಸೀಮೆಯಲ್ಲಿ ಭತ್ತ ಬಂದಿತು. ಭತ್ತದ ಹಿಂದೆ ಗಿರಣಿಗಳು ಬಂದವು. ಗಿರಣಿಗಳೊಂದಿಗೆ ಡೀಸೆಲ್ ಎಂಜಿನ್ನುಗಳೂ ಬಂದವು. ನಿಮಿಷಕ್ಕೆ 650 ಸುತ್ತು ತಿರುಗುವ, ದೊಡ್ಡ ಗಾಲಿಯ ಲಿಸ್ಟರ್ ಮಾದರಿಯ ಎಂಜಿನ್ನುಗಳನ್ನು ಇಂಗ್ಲೆಂಡಿನ ಮೂಲ ನಕ್ಷೆಯಂತೆ ಗುಜರಾತಿನ ರಾಜಕೋಟೆಯಲ್ಲಿ ತಯಾರಿಸಲಾಗುತ್ತಿತ್ತು. ಕಿರ್ಲೋಸ್ಕರ್ ಎಂಜಿನ್ನುಗಳು ಪುಣೆಯಿಂದ ಬರುತ್ತಿದ್ದವು. ಇಂದು ಹೆಚ್ಚಿನ ಕೆಲಸವನ್ನು ವಿದ್ಯುತ್ ಮೋಟಾರುಗಳು ವಹಿಸಿಕೊಂಡಿವೆಯಾದರೂ, ತುರ್ವಿಹಾಳದಂತಹ ಊರುಗಳ ಹಿಟ್ಟಿನ ಗಿರಣಿಯ ಹಿಂಬದಿಯಲ್ಲಿ, ಹಳ್ಳದ ದಂಡೆಯಲ್ಲಿ, ಜನರೇಟರ್ ಕೋಣೆಯಲ್ಲಿ ಹಳೆಯ ಎಂಜಿನ್ನು ಇನ್ನೂ ದುಡಿಯುತ್ತಿದೆ. ಅದನ್ನು ಮಾರಿದರೆ ಗುಜರಿ ಬೆಲೆ, ಉಳಿಸಿಕೊಂಡರೆ ಉಪಯೋಗ ಎಂಬುದು ಮಾಲೀಕರ ವಾದ. ಅದು ಸರಿಯಾದ ವಾದವೇ, ಆದರೆ ಎಂಜಿನ್ನು ಕುಡಿದ ಡೀಸೆಲ್ಲಿಗೆ ತಕ್ಕ ಕೆಲಸ ಮಾಡುತ್ತಿರಬೇಕು.

ಸಂಶಯಕ್ಕೆ ಎಡೆಯಾದ ಪ್ರಸಂಗ

ಕೆಲವು ವರ್ಷಗಳ ಹಿಂದೆ ಗಿರಣಿಯೊಂದರ ಲೆಕ್ಕ ನೋಡುತ್ತಿದ್ದಾಗ, ಬೀಸಿದ ಮಾಲಿನ ಪ್ರಮಾಣ ಹೆಚ್ಚು ಕಡಿಮೆ ಮೊದಲಿನಷ್ಟೇ ಇದ್ದು ಡೀಸೆಲ್ ಖರೀದಿ ಮಾತ್ರ ಗಣನೀಯವಾಗಿ ಏರಿದ್ದನ್ನು ಕಂಡೆ. ವೃತ್ತಿಯ ಅಭ್ಯಾಸಬಲದಿಂದ “ಇಂಧನದ ಬಳಕೆಯ ಮೇಲೆ ನಿಗಾ ಅಗತ್ಯ” ಎಂದು ಟಿಪ್ಪಣಿ ಬರೆದೆ. ಮಾಲೀಕರು ಅದನ್ನು ತಮ್ಮದೇ ರೀತಿಯಲ್ಲಿ ಅರ್ಥೈಸಿಕೊಂಡು, ಎಂಜಿನ್ ನೋಡಿಕೊಳ್ಳುತ್ತಿದ್ದ ಆಳನ್ನು ಕೆಲಸದಿಂದ ನಿಲ್ಲಿಸಿದರು. ಹದಿನೈದು ದಿನ ಕಳೆಯಿತು. ಬೇರೊಬ್ಬನು ಎಂಜಿನ್ ನಡೆಸಿದರೂ ಡೀಸೆಲ್ ಅಷ್ಟೇ ಹೋಗುತ್ತಿತ್ತು.

ಆಗ ಬಂದ ವಯಸ್ಸಾದ ಮಿಸ್ತ್ರಿಯೊಬ್ಬರು ಯಾವ ಪಾನಾ ಕೈಗೆತ್ತಿಕೊಳ್ಳುವ ಮೊದಲು ಆಯಿಲ್ ಅಳತೆಯ ಕಡ್ಡಿಯನ್ನು ಹೊರತೆಗೆದು ಮೂಸಿ, “ಸರ, ಇದು ಬರೇ ಆಯಿಲ್ ಅಲ್ರೀ, ಡೀಸೆಲ್ ಕೂಡ್ಯಾದ” ಎಂದರು. ಆಯಿಲ್ ಮಟ್ಟ ಮೇಲಿನ ಗುರುತನ್ನೂ ದಾಟಿತ್ತು. ನಾನು ಮನೆಗೆ ಬಂದು ಖಾತೆ ತಿರುವಿ ನೋಡಿದೆ. ಪ್ರತಿ ತಿಂಗಳೂ ಎಂಜಿನ್ ಆಯಿಲ್ ಡಬ್ಬಿಯ ಬಿಲ್ಲು ಇದ್ದ ಗಿರಣಿಯಲ್ಲಿ ಕಳೆದ ಐದಾರು ತಿಂಗಳಿನಿಂದ ಒಂದೂ ಬಿಲ್ಲು ಇರಲಿಲ್ಲ. ಆಯಿಲ್ ಸುಡುವ ಹಳೆಯ ಎಂಜಿನ್ನು ಇದ್ದಕ್ಕಿದ್ದಂತೆ ಆಯಿಲ್ ಬೇಡವೆಂದರೆ ಅದು ಉಳಿತಾಯವಲ್ಲ, ಬೇರೇನೋ ಒಳಗೆ ಸೇರುತ್ತಿದೆಯೆಂಬುದರ ಸೂಚನೆ. ಡೀಸೆಲ್ ಮತ್ತು ಆಯಿಲ್ ಎರಡನ್ನೂ ಒಂದೇ ಬಾಬ್ತಿಗೆ ಹಾಕಿದ್ದರಿಂದ ಒಂದರ ಇಳಿಕೆ ಇನ್ನೊಂದರ ಏರಿಕೆಯಲ್ಲಿ ಮುಚ್ಚಿಹೋಗಿತ್ತು. ಹೀಗೆ ಹಾಕಲು ಸಮ್ಮತಿಸಿದವನು ನಾನೇ.

ಇಂಧನದ ದಾರಿ

ದೋಷ ಹುಡುಕುವವರು ಮೊದಲು ದಾರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಟ್ಯಾಂಕು, ಅದರಿಂದ ಕಾಕ್ ಮತ್ತು ಪೈಪು, ನಂತರ ಫಿಲ್ಟರು, ಆಮೇಲೆ ಫ್ಯೂಯಲ್ ಪಂಪು, ಅಲ್ಲಿಂದ ಉಕ್ಕಿನ ದಪ್ಪ ಪೈಪಿನ ಮೂಲಕ ನಾಝಲ್. ಪಂಪಿನವರೆಗಿನ ಭಾಗದಲ್ಲಿ ಒತ್ತಡ ಅತ್ಯಲ್ಪ. ಪಂಪಿನಿಂದಾಚೆಗೆ ಅನೇಕ ಎಂಜಿನ್ನುಗಳಲ್ಲಿ ಅದು 200 ಬಾರ್‌ನ ಆಸುಪಾಸಿಗೆ ಏರುತ್ತದೆ. ಪಂಪಿನೊಳಗಿನ ‘ಎಲಿಮೆಂಟ್’ ಎಂಬ ದಂಡ ಮತ್ತು ಕೊಳವೆಯ ನಡುವಣ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು, ಅಂದರೆ ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಈ ಕಾರಣದಿಂದಲೇ ಇಂತಹ ಪಂಪು ತಯಾರಿಸುವವರು ನಮ್ಮ ದೇಶದಲ್ಲಿ ಬಹುಕಾಲ ಬೆರಳೆಣಿಕೆಯಷ್ಟಿದ್ದರು. 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪನಿಯು 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ನಮ್ಮ ಮಿಸ್ತ್ರಿಗಳು ಇಂದಿಗೂ ‘ಮೈಕೊ ಪಂಪು’ ಎಂದೇ ಕರೆಯುತ್ತಾರೆ.

ದೋಷ ಕಂಡೊಡನೆ ಪಂಪನ್ನು ಬಿಚ್ಚಿ ರಿಪೇರಿಗೆ ಕಳುಹಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ದುಬಾರಿ ಭಾಗವು ಕೊನೆಯಲ್ಲಿದೆ, ಅಗ್ಗದ ಭಾಗವು ಮೊದಲಲ್ಲಿದೆ. ಪರಿಶೀಲನೆಯೂ ಮೊದಲಿನಿಂದಲೇ ಆಗತಕ್ಕದ್ದು.

ಟ್ಯಾಂಕು ಮತ್ತು ಗಾಳಿ ರಂಧ್ರ

ಎಂಜಿನ್ನು ಚೆನ್ನಾಗಿ ಆರಂಭವಾಗಿ, ಹತ್ತಿಪ್ಪತ್ತು ನಿಮಿಷ ನಡೆದು, ಕ್ರಮೇಣ ಸೊರಗಿ ನಿಂತು, ಸ್ವಲ್ಪ ಹೊತ್ತಿನ ನಂತರ ಮತ್ತೆ ಸರಾಗವಾಗಿ ಹೊರಟರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ನೋಡಿರಿ. ‘ಸುಯ್’ ಎಂದು ಗಾಳಿ ಒಳಗೆ ಸೆಳೆದ ಸದ್ದು ಕೇಳಿದರೆ ಮುಚ್ಚಳದ ರಂಧ್ರ ಕಟ್ಟಿದೆ. ಡೀಸೆಲ್ ಖಾಲಿಯಾದಷ್ಟು ಗಾಳಿ ಒಳಬರದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಹರಿವು ನಿಲ್ಲುತ್ತದೆ. ಗಿರಣಿಗಳಲ್ಲಿ ಇದು ವಿಶೇಷವಾಗಿ ಸಂಭವಿಸುತ್ತದೆ. ಹಾರಿದ ತೌಡು ಮತ್ತು ಹಿಟ್ಟು ಡೀಸೆಲ್ ಜಿಡ್ಡಿನೊಂದಿಗೆ ಸೇರಿ ರಂಧ್ರವನ್ನು ಮೇಣದಂತೆ ಮುಚ್ಚುತ್ತವೆ. ಇದರ ದುರಸ್ತಿಗೆ ಒಂದು ತಂತಿಯ ತುಂಡು ಸಾಕು.

ಎರಡನೆಯದು ನೀರು ಮತ್ತು ಕೆಸರು. ಅರ್ಧ ಖಾಲಿ ಇರುವ ಡ್ರಮ್ಮಿನ ಒಳಗೋಡೆಗೆ ರಾತ್ರಿಯ ತಂಪಿನಲ್ಲಿ ನೀರಹನಿ ಕಟ್ಟುತ್ತದೆ, ಅದು ಡೀಸೆಲ್‌ಗಿಂತ ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಮಲ್ಪೆ, ಮಂಗಳೂರು ಬಂದರುಗಳ ಮೀನುಗಾರಿಕೆ ಬೋಟುಗಳಲ್ಲಿ ಒಳಗೆ ಕೂರಿಸಿದ ಡೀಸೆಲ್ ಎಂಜಿನ್ನಿಗೆ ಇದು ದೊಡ್ಡ ಶತ್ರು. ಬೋಟು ತೂಗಾಡಿದಾಗ ತಳದ ಕೆಸರು ಮೇಲೆದ್ದು ನಡುಸಮುದ್ರದಲ್ಲಿ ಫಿಲ್ಟರು ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಸಮುದ್ರವಿಲ್ಲ, ಆದರೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎಂಜಿನ್ನು ಹೇರಿಕೊಂಡು ಹೊಲದ ದಾರಿಯಲ್ಲಿ ಹೋದಾಗ ಆಗುವುದೂ ಅದೇ. ಸ್ಥಳಕ್ಕೆ ತಂದ ಎಂಜಿನ್ನನ್ನು ಕೆಲಹೊತ್ತು ನಿಲ್ಲಗೊಟ್ಟು, ಟ್ಯಾಂಕಿನ ತಳದ ಬಿರಟೆ ಸಡಿಲಿಸಿ ಒಂದು ಲೋಟದಷ್ಟು ಹೊರತೆಗೆದು ನೋಡತಕ್ಕದ್ದು. ಡ್ರಮ್ಮನ್ನು ತುಸು ಓರೆಯಾಗಿಟ್ಟು ಮೇಲಿನ ಡೀಸೆಲ್ಲನ್ನು ಮಾತ್ರ ಬಳಸುವುದು ಉತ್ತಮ.

ಅಗ್ಗವಾಗಲೆಂದು ಸೀಮೆಎಣ್ಣೆ ಬೆರೆಸುವವರು ಹಿಂದೆ ಇದ್ದರು. ಅದು ಕಾನೂನುಬಾಹಿರ ಎಂಬುದು ಒಂದು. ಸೀಮೆಎಣ್ಣೆಗೆ ಜಾರುಗುಣ ಕಡಿಮೆಯಾದ್ದರಿಂದ ಮೇಲೆ ಹೇಳಿದ ಕೂದಲಿಗಿಂತ ಸಣ್ಣ ಸಂದು ಬೇಗ ಸವೆಯುತ್ತದೆ ಎಂಬುದು ಇನ್ನೊಂದು.

ಗಾಳಿ ಹಿಡಿಯುವುದು

ವೇಗ ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ, ನಿಲ್ಲಿಸಿದ ಮರುದಿನ ಸುಲಭವಾಗಿ ಆರಂಭವಾಗದಿದ್ದರೆ, ಪೈಪಿನಲ್ಲಿ ಗಾಳಿ ಸೇರಿರುವ ಸಾಧ್ಯತೆ ಹೆಚ್ಚು. ಇಲ್ಲಿ ಒಂದು ಸೂಕ್ಷ್ಮವಿದೆ. ಟ್ಯಾಂಕು ಎಂಜಿನ್ನಿಗಿಂತ ಮೇಲಿದ್ದರೆ ಸಡಿಲ ಜೋಡಣೆಯಿಂದ ಡೀಸೆಲ್ ಹೊರಕ್ಕೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕು ಕೆಳಗಿದ್ದು ಫೀಡ್ ಪಂಪು ಮೇಲೆ ಸೆಳೆಯುವಂತಿದ್ದರೆ ಅದೇ ಸಂದಿನಿಂದ ಗಾಳಿ ಒಳಕ್ಕೆ ಹೋಗುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ. ಒಣಗಿದ ಜೋಡಣೆ ನೋಡಿ “ಎಲ್ಲಾ ಸರಿಯಿದೆ” ಎಂದು ತೀರ್ಮಾನಿಸುವುದು ತಪ್ಪಾಗುವುದು ಇಲ್ಲಿಯೇ. ಫಿಲ್ಟರಿಗೂ ಪಂಪಿಗೂ ನಡುವೆ ತಾತ್ಕಾಲಿಕವಾಗಿ ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿದರೆ ಗುಳ್ಳೆಗಳು ಕಾಣುತ್ತವೆ. ಸಾಮಾನ್ಯ ಕಾರಣಗಳೆಂದರೆ ಮತ್ತೆ ಮತ್ತೆ ಬಳಸಿ ಚಪ್ಪಟೆಯಾದ ತಾಮ್ರದ ವಾಷರ್, ಬಿರುಕು ಬಿಟ್ಟ ರಬ್ಬರ್ ಪೈಪು, ಸರಿಯಾಗಿ ಕೂರದ ಫಿಲ್ಟರ್ ಬಟ್ಟಲು. ಹಳೆಯ ರಬ್ಬರ್ ಪೈಪಿನ ಒಳಪದರ ಸುಲಿದು ಬಾಗಿಲಿನಂತೆ ಹರಿವನ್ನು ಮುಚ್ಚುವುದೂ ಉಂಟು. ಹೊರಗಿನಿಂದ ಅದು ಹೊಸತರಂತೆಯೇ ಕಾಣುತ್ತದೆ.

ಗಾಳಿ ತೆಗೆಯುವ ಕ್ರಮವೂ ಇಂಧನದ ದಾರಿಯನ್ನೇ ಅನುಸರಿಸುತ್ತದೆ. ಮೊದಲು ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕಾಯ್ದು ಬಿಗಿಯುವುದು, ನಂತರ ಪಂಪಿನದು, ಕೊನೆಗೆ ನಾಝಲ್ ಬಳಿಯ ನಟ್ಟು ಸಡಿಲಿಸಿ ಎಂಜಿನ್ನು ತಿರುಗಿಸುವುದು. ಎಚ್ಚರಿಕೆ: ನಾಝಲ್‌ನಿಂದ ಚಿಮ್ಮುವ ಡೀಸೆಲ್ಲನ್ನು ಅಂಗೈ ಹಿಡಿದು ಪರೀಕ್ಷಿಸಬಾರದು. ಆ ಒತ್ತಡದಲ್ಲಿ ಅದು ಚರ್ಮ ತೂರಿ ಒಳಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗಾಯ ಕಂಡು ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆರಳು, ಕೈ ಕಳೆದುಕೊಳ್ಳುವ ಅಪಾಯವಿದೆ.

ಕ್ಯಾನಿನ ಪರೀಕ್ಷೆ

ದೋಷ ಪಂಪಿನ ಹಿಂದಿದೆಯೋ ಮುಂದಿದೆಯೋ ಎಂದು ತಿಳಿಯಲು ಸರಳ ಉಪಾಯವಿದೆ. ಐದು ಲೀಟರಿನ ಸ್ವಚ್ಛ ಕ್ಯಾನಿನಲ್ಲಿ ಸೋಸಿದ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿಟ್ಟು, ಹೊಸ ಪೈಪಿನಿಂದ ನೇರವಾಗಿ ಪಂಪಿಗೆ ಕೊಡುವುದು. ಎಂಜಿನ್ನು ಭಾರ ಹೊತ್ತು ಚೆನ್ನಾಗಿ ನಡೆದರೆ ಪಂಪನ್ನು ಮುಟ್ಟಬೇಕಿಲ್ಲ. ದೋಷ ಟ್ಯಾಂಕು, ಪೈಪು, ಫಿಲ್ಟರಿನಲ್ಲಿದೆ. ಆಗಲೂ ಸೊರಗಿದರೆ ಮಾತ್ರ ಮುಂದಿನ ಭಾಗಕ್ಕೆ ಹೋಗುವುದು. ಐದು ಲೀಟರಿನ ಈ ಕ್ಯಾನು ಗಂಟೆಗೆ ಎಷ್ಟು ಹೋಯಿತೆಂಬುದನ್ನೂ ತಿಳಿಸುತ್ತದೆ.

ನಾಝಲ್, ಎಲಿಮೆಂಟ್ ಮತ್ತು ಹೊಗೆ

ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ಣ ಸುಡುತ್ತಿಲ್ಲ. ನಾಝಲ್ ತುಂತುರಾಗಿ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು. ಆದರೆ ಗಿರಣಿಯ ಧೂಳಿನಿಂದ ಏರ್ ಫಿಲ್ಟರು ಕಟ್ಟಿದ್ದರೂ, ಬೆಲ್ಟಿನ ಮೇಲೆ ಅತಿ ಭಾರ ಬಿದ್ದಿದ್ದರೂ ಅದೇ ಹೊಗೆ ಬರುತ್ತದೆ. ಆದ್ದರಿಂದ ಏರ್ ಫಿಲ್ಟರು ಮೊದಲು. ಬಿಳಿ ಹೊಗೆ ಬಿಸಿಯಾದ ನಂತರವೂ ನಿಲ್ಲದಿದ್ದರೆ ನೀರು ಅಥವಾ ಸುಡದ ಡೀಸೆಲ್ ಕಾರಣ. ಲಿಸ್ಟರ್ ಮಾದರಿಯಲ್ಲಿ ಕೈಯಿಂದ ನಿಧಾನ ತಿರುಗಿಸಿದಾಗ ನಾಝಲ್ ‘ಕರ್’ ಎಂದು ಸದ್ದು ಮಾಡಬೇಕೆಂದು ಮಿಸ್ತ್ರಿಗಳು ಹೇಳುತ್ತಾರೆ. ಸದ್ದಿಲ್ಲದಿದ್ದರೆ ಅದನ್ನು ಬಿಚ್ಚಿ ಪರೀಕ್ಷಾ ಯಂತ್ರದ ಮೇಲೆ ನೋಡಿಸತಕ್ಕದ್ದು.

ಎಲಿಮೆಂಟ್ ಸವೆದಾಗ ಪಂಪನ್ನು ಎಂಜಿನ್ನಿನ ಮೈಗೇ ಕೂರಿಸಿರುವ ಮಾದರಿಗಳಲ್ಲಿ ಡೀಸೆಲ್ ಕೆಳಗಿಳಿದು ಆಯಿಲ್ ಚೇಂಬರು ಸೇರುತ್ತದೆ. ನಾನು ಹೇಳಿದ ಗಿರಣಿಯಲ್ಲಿ ಆದದ್ದು ಇದು, ಜೊತೆಗೆ ನಾಝಲ್ ಸಹ ತೊಟ್ಟಿಕ್ಕುತ್ತಿತ್ತು. ಹೆಚ್ಚಿನ ಡೀಸೆಲ್ ಹೊಗೆಯಾಗಿ ಹೋಗಿತ್ತು. ಆಯಿಲ್‌ಗೆ ಸೇರಿದ್ದು ಸಣ್ಣ ಪಾಲು. ಆದರೆ ಹಾನಿಯ ದೃಷ್ಟಿಯಿಂದ ಸಣ್ಣ ಪಾಲೇ ದೊಡ್ಡದು. ತೆಳುವಾದ ಆಯಿಲ್ ಬೇರಿಂಗುಗಳನ್ನು ಕಾಯಲಾರದು. ಇನ್ನೊಂದು ಹಂಗಾಮು ಹಾಗೆಯೇ ನಡೆದಿದ್ದರೆ ಕ್ರ್ಯಾಂಕೇ ಹೋಗುತ್ತಿತ್ತೆಂದು ಆ ಮಿಸ್ತ್ರಿ ಹೇಳಿದರು.

ಲೆಕ್ಕದ ಮಾತು

ಹಳೆಯ ಎಂಜಿನ್ನಿಗೆ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಕಾಲು ಲೀಟರಿಗಿಂತ ತುಸು ಕಡಿಮೆ ಡೀಸೆಲ್ ಬೇಕು. 10 ಅಶ್ವಶಕ್ತಿಯದು ಪೂರ್ಣ ಭಾರದಲ್ಲಿ ಗಂಟೆಗೆ ಎರಡೂಕಾಲು ಲೀಟರ್ ತೆಗೆದುಕೊಳ್ಳಬೇಕಾದಲ್ಲಿ ಮೂರು ಲೀಟರ್ ತೆಗೆದುಕೊಂಡಿತೆನ್ನೋಣ. ದಿನಕ್ಕೆ 8 ಗಂಟೆಯಂತೆ 6 ಲೀಟರ್, 100 ದಿನಕ್ಕೆ 600 ಲೀಟರ್ ಹೆಚ್ಚು. ಲೀಟರಿಗೆ 90 ರೂಪಾಯಿ ಹಿಡಿದರೆ 54,000 ರೂಪಾಯಿ. ನಾಝಲ್ ಮತ್ತು ಎಲಿಮೆಂಟಿನ ಬೆಲೆ ಇದರ ಅಲ್ಪಾಂಶ. ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯ ಹೊರಗಿರುವುದರಿಂದ ಅದರ ಮೇಲೆ ತೆತ್ತ ತೆರಿಗೆಗೆ ಜಿಎಸ್‌ಟಿಯಲ್ಲಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ ಎಂಬುದನ್ನೂ ಗಮನಿಸತಕ್ಕದ್ದು; ಸೋರಿದ ಪ್ರತಿ ಲೀಟರೂ ಪೂರ್ಣ ನಷ್ಟವೇ.

ಆದ್ದರಿಂದ ಎಂಜಿನ್ನಿನ ಪಕ್ಕದಲ್ಲಿ ಒಂದು ವಹಿ ಇಡುವುದು ಅವಶ್ಯ. ನಡೆದ ಗಂಟೆ, ಹಾಕಿದ ಡೀಸೆಲ್, ಆದ ಕೆಲಸ, ಸೇರಿಸಿದ ಆಯಿಲ್ ಎಂಬ ನಾಲ್ಕು ಕಲಂ ಸಾಕು. ಖರೀದಿಯ ಬಿಲ್ಲನ್ನೇ ಬಳಕೆಯೆಂದು ಬರೆಯಬಾರದು. ತಿಂಗಳ ಕೊನೆಗೆ ಡ್ರಮ್ಮಿನಲ್ಲಿ ಉಳಿದದ್ದನ್ನು ಕಡ್ಡಿಯಿಂದ ಅಳೆದು ಕಳೆಯಬೇಕು. ಖಾತೆಯಲ್ಲಿಯೂ ಡೀಸೆಲ್ ಬೇರೆ, ಆಯಿಲ್ ಬೇರೆ.

ಆ ಗಿರಣಿಯ ಆಳನ್ನು ಮಾಲೀಕರು ಮರಳಿ ಕರೆಸಿದರು, ನಿಂತ ದಿನಗಳ ಸಂಬಳವನ್ನೂ ಕೊಟ್ಟರು. ನನ್ನ ಟಿಪ್ಪಣಿಯ ವಿಷಯ ನಾನೇ ಹೋಗಿ ಅವನಿಗೆ ಹೇಳಿದೆ. ವಹಿಯನ್ನು ಈಗ ಬರೆಯುತ್ತಿರುವವನೂ ಅವನೇ. ಮೇಲಿನ ನಾಲ್ಕು ಕಲಮುಗಳ ಪಕ್ಕದಲ್ಲಿ ‘ಹೊಗೆಯ ಬಣ್ಣ’ ಎಂಬ ಐದನೆಯದನ್ನು ತಾನಾಗಿಯೇ ಗೆರೆ ಎಳೆದು ಸೇರಿಸಿದ್ದಾನೆ.