ಜೀವಶಾಸ್ತ್ರ ಪರೀಕ್ಷೆಯ ಕೊನೆಯ ಎಂಟು ದಿನ: ಮಕ್ಕಳಿಗೂ ಮನೆಯವರಿಗೂ



ಶಿವರಾತ್ರಿ ಕಳೆಯುವ ಹೊತ್ತಿಗೆ ಹಿಂದೂಪುರದ ಮಾರುಕಟ್ಟೆ ಯಾರ್ಡಿಗೆ ಹುಣಸೆಹಣ್ಣಿನ ಮೂಟೆಗಳು ಬಂದು ಬೀಳುತ್ತವೆ. ರೇಷ್ಮೆ ಸಾಕುವವರ ಮನೆಯಲ್ಲಿ ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು. ಯುಗಾದಿಯೂ ಹತ್ತಿರವಾಗಿರುತ್ತದೆ. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಬರುವುದೂ ಅದೇ ಹೊತ್ತಿಗೆ. ವ್ಯಾಪಾರದ ಕಾಲವೂ ಮಗುವಿನ ಕಾಲವೂ ಒಟ್ಟಿಗೆ ಬಂದಾಗ ಯಾವುದು ಹಿಂದೆ ಸರಿಯುತ್ತದೆಂಬುದನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಆದ್ದರಿಂದ ಈ ಸಂಚಿಕೆಯಲ್ಲಿ ಒಂದೇ ಒಂದು ವಿಷಯವನ್ನು, ಜೀವಶಾಸ್ತ್ರವನ್ನು, ತೆಗೆದುಕೊಂಡು ಕೊನೆಯ ಎಂಟು ದಿನಗಳಲ್ಲಿ ಏನು ಮಾಡಬಹುದೆಂದು ವಿವರವಾಗಿ ಬರೆಯುತ್ತಿದ್ದೇವೆ.

ಜೀವಶಾಸ್ತ್ರವೇ ಏಕೆಂದರೆ, ಗಣಿತಕ್ಕೆ ಟ್ಯೂಷನ್ ಇಡುತ್ತೇವೆ, ಇಂಗ್ಲಿಷಿಗೆ ಇಡುತ್ತೇವೆ. ಜೀವಶಾಸ್ತ್ರವನ್ನು ಮಾತ್ರ ‘ಓದಿದರೆ ಬರುತ್ತೆ ಬಿಡಿ’ ಎಂದು ಕೊನೆಗೆ ನೂಕುತ್ತೇವೆ. ಓದಿದ್ದೆಲ್ಲ ಪರೀಕ್ಷೆಯ ಕೋಣೆಯಲ್ಲಿ ನೆನಪಿಗೆ ಬರುವುದಿಲ್ಲ. ತೊಂದರೆ ಇರುವುದು ಅಲ್ಲಿಯೇ.

ಕಲ್ಯಾಣದುರ್ಗದ ಕಡೆಯ ಒಬ್ಬ ರೈತಭಕ್ತರು ನಮ್ಮನ್ನು ಕೇಳಿದ್ದರು: “ಮೇಷ್ಟ್ರೇ, ನಮ್ಗೆ ಓದು ಬರಲ್ಲ. ಮಗೀಗೆ ಏನ್ ಹೇಳ್ಕೊಡಾನ?” ಹೇಳಿಕೊಡುವುದು ಬೇಡ, ಕೇಳಿದರೆ ಸಾಕು ಎಂದೆವು. ಅವರಿಗೆ ಅದು ಸಮಾಧಾನಕ್ಕೆ ಹೇಳಿದ ಮಾತಾಗಿ ಕಂಡಿತು. ಆದರೆ ಅದು ಸಮಾಧಾನದ ಮಾತಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಒಂದು ಗುಂಪಿಗೆ ಅದನ್ನು ಮತ್ತೊಮ್ಮೆ ಓದಲು ಹೇಳಿದರು. ಇನ್ನೊಂದು ಗುಂಪಿಗೆ ಪಾಠವನ್ನು ಮುಚ್ಚಿಟ್ಟು ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೋಡಿದರೆ ಮತ್ತೆ ಓದಿದವರಿಗೆ ಶೇಕಡ 42ರಷ್ಟು ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ ಶೇಕಡ 56ರಷ್ಟು. ನಮ್ಮ ಹಿರಿಯರಿಗೆ ಇದು ಹೊಸತೇನಲ್ಲ. ವಚನಗಳನ್ನು ಪುಸ್ತಕವಿಲ್ಲದೆ ಬಾಯಲ್ಲಿ ಹೇಳಿಸಿಯೇ ಕಲಿಸಿದರು. ಶಿವಾನುಭವ ಗೋಷ್ಠಿ ನಡೆಯುವುದೂ ಪ್ರಶ್ನೋತ್ತರದಿಂದಲೇ.

ಆದ್ದರಿಂದ ರಾತ್ರಿ ಊಟವಾದ ಮೇಲೆ ತಂದೆಯೋ ತಾಯಿಯೋ ಅಜ್ಜಿಯೋ ಪುಸ್ತಕವನ್ನು ತಮ್ಮ ಕೈಯಲ್ಲಿ ಹಿಡಿದು ಕೂರಲಿ. ಅಕ್ಷರ ಬಾರದಿದ್ದರೂ ಚಿತ್ರ ಕಾಣುತ್ತದಲ್ಲ! “ಇದೇನಪ್ಪ? ಇದರೊಳಗೆ ರಕ್ತ ಎಲ್ಲಿಂದ ಬಂತು? ಎಲ್ಲಿಗೆ ಹೋಯ್ತು?” ಎಂದು ಕೇಳಲಿ. ಮಗು ತಡವರಿಸಿದ ಜಾಗವೇ ಮರುದಿನ ಓದಬೇಕಾದ ಜಾಗ. ಬೈಯುವುದು ಬೇಡ, ಅಲ್ಲೊಂದು ಪೆನ್ಸಿಲ್ ಗುರುತು ಹಾಕಿದರೆ ಸಾಕು.

ಇನ್ನು ಪ್ರಶ್ನೆಪತ್ರಿಕೆಯ ವಿಚಾರ. ಗಡಿಯಲ್ಲಿರುವ ನಮಗೆ ಇದು ಬಹಳ ಮುಖ್ಯ. ಪಾವಗಡ, ಗೌರಿಬಿದನೂರು, ಚಳ್ಳಕೆರೆಯ ನೆಂಟರು ಪ್ರೀತಿಯಿಂದ ಕರ್ನಾಟಕದ ಎಸ್.ಎಸ್.ಎಲ್.ಸಿ. ಗೈಡುಗಳನ್ನು ತಂದುಕೊಡುತ್ತಾರೆ. ಅಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ 80 ಅಂಕಗಳ ಒಂದೇ ವಿಜ್ಞಾನ ಪತ್ರಿಕೆ. ನಮ್ಮ ಆಂಧ್ರದಲ್ಲಿ 2024 ಮತ್ತು 2025ರ ಪರೀಕ್ಷೆಗಳಲ್ಲಿ ಜೀವಶಾಸ್ತ್ರಕ್ಕೆ ಪ್ರತ್ಯೇಕ ದಿನ, ಪ್ರತ್ಯೇಕ ಪತ್ರಿಕೆ, 50 ಅಂಕ, ಎರಡು ಗಂಟೆ. 2024–25ರಿಂದ ನಮ್ಮಲ್ಲಿಯೂ ಹತ್ತನೆಯ ತರಗತಿಗೆ ಎನ್.ಸಿ.ಇ.ಆರ್.ಟಿ. ಪಠ್ಯ ಬಂದಿರುವುದರಿಂದ ಪಾಠಗಳು ಎರಡೂ ಕಡೆ ಬಹುಮಟ್ಟಿಗೆ ಒಂದೇ: ಜೀವಕ್ರಿಯೆಗಳು, ನಿಯಂತ್ರಣ ಮತ್ತು ಸಹಭಾಗಿತ್ವ, ಸಂತಾನೋತ್ಪತ್ತಿ, ಅನುವಂಶೀಯತೆ, ನಮ್ಮ ಪರಿಸರ. ಗೈಡಿನಿಂದ ಪಾಠ ತಿಳಿದುಕೊಳ್ಳಲಿ, ತಪ್ಪಿಲ್ಲ. ಬರೆಯುವ ಅಭ್ಯಾಸ ಮಾತ್ರ ನಮ್ಮ ರಾಜ್ಯದ ಹಳೆಯ ಪ್ರಶ್ನೆಪತ್ರಿಕೆಗಳಿಂದಲೇ ಆಗಬೇಕು. ಈ ವರ್ಷದ ಮಾದರಿ ಪತ್ರಿಕೆಯನ್ನು ಶಾಲೆಯಲ್ಲಿ ಕೇಳಿ ಪಡೆಯಿರಿ.

ಇದಕ್ಕಿಂತ ದೊಡ್ಡ ತೊಡಕು ಪದಗಳದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್ ಅಥವಾ ಕನ್ನಡ ಎಂದು ಬೆಳೆದವರು. ಕನ್ನಡದ ದ್ಯುತಿಸಂಶ್ಲೇಷಣೆ ತೆಲುಗಿನಲ್ಲಿ ಕಿರಣಜನ್ಯ ಸಂಯೋಗಕ್ರಿಯ, ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್. ಇದು ಉದ್ದವಾದರೂ ಅಪಾಯವಿಲ್ಲ. ಅಪಾಯ ಹೃದಯದ ಪಾಠದಲ್ಲಿದೆ. ಹೃದಯದ ಕೆಳಗಿನ ಕೋಣೆಗೆ ಕನ್ನಡದಲ್ಲಿ ಹೃತ್ಕುಕ್ಷಿ, ತೆಲುಗಿನಲ್ಲಿ ಜಠರಿಕ. ಕನ್ನಡದಲ್ಲಿ ಜಠರವೆಂದರೆ ಹೊಟ್ಟೆಯ ಚೀಲ! ತೆಲುಗಿನ ಟ್ಯೂಷನ್ನಿಗೆ ಹೋಗಿ ಬಂದ ಹುಡುಗ ಕನ್ನಡದ ಉತ್ತರದಲ್ಲಿ ‘ರಕ್ತ ಜಠರಕ್ಕೆ ಹೋಗುತ್ತದೆ’ ಎಂದು ಬರೆದರೆ ಅಂಕ ಹೋದಂತೆಯೇ. ತೆಲುಗಿನಲ್ಲಿ ಧಮನಿ, ಸಿರ ಎಂದರೆ ಭೇದ ಸ್ಪಷ್ಟ. ಕನ್ನಡದಲ್ಲಿ ಹೃದಯದಿಂದ ರಕ್ತವನ್ನು ಹೊರಗೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ. ಬರಿಯ ‘ಧಮನಿ’ ಎಂದು ಬರೆದರೆ ಯಾವುದೆಂದು ತಿದ್ದುವವರಿಗೆ ತಿಳಿಯದು. ಹೀಗಿರುವ ಮೂವತ್ತು ನಲವತ್ತು ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಮಗು ಯಾವ ಮಾಧ್ಯಮದಲ್ಲಿ ಪರೀಕ್ಷೆ ಬರೆಯುತ್ತದೆಯೋ ಆ ಪದಕ್ಕೆ ಕೆಂಪು ಗೆರೆ ಹಾಕಿ ಗೋಡೆಗೆ ಅಂಟಿಸಿ. ಕೊನೆಯ ವಾರದಲ್ಲಿ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲವೆಂದು ನಮ್ಮ ಅನುಭವ.

ಚಿತ್ರಗಳಿಗೆ ಬರೋಣ. ಹೃದಯ, ನೆಫ್ರಾನ್, ನರಕೋಶ, ಹೂವಿನ ನೀಳಛೇದ, ಪತ್ರರಂಧ್ರ, ಜೀರ್ಣಾಂಗ ವ್ಯೂಹ, ಮೆದುಳು. ಇವನ್ನು ನೋಡಿ ನೋಡಿ ಬರೆದರೆ ಕೈ ಕಲಿಯುತ್ತದೆ, ತಲೆ ಕಲಿಯುವುದಿಲ್ಲ. ಒಮ್ಮೆ ನೋಡಿ, ಪುಸ್ತಕ ಮುಚ್ಚಿ, ಐದು ನಿಮಿಷದಲ್ಲಿ ಬರೆದು, ಆಮೇಲೆ ತೆರೆದು ತಪ್ಪು ನೋಡಲಿ. ಹೃದಯದ ಚಿತ್ರದಲ್ಲಿ ಮಕ್ಕಳು ಎಡಬಲ ತಪ್ಪುವುದು ಹೆಚ್ಚು. ಎದುರಿಗೆ ನಿಂತ ಮನುಷ್ಯನ ಎಡಗೈ ನಮ್ಮ ಬಲಕ್ಕೆ ಬರುವಂತೆ ಹೃದಯದ ಎಡಭಾಗ ಹಾಳೆಯ ಬಲಭಾಗದಲ್ಲಿ ಬರುತ್ತದೆ. ಎಡ ಹೃತ್ಕುಕ್ಷಿಯ ಗೋಡೆಯನ್ನು ದಪ್ಪವಾಗಿ ಬರೆಯಬೇಕು, ಏಕೆಂದರೆ ಮೈಯೆಲ್ಲಕ್ಕೂ ರಕ್ತ ತಳ್ಳುವುದು ಅದೇ. ಬಲದ್ದು ಪಕ್ಕದ ಶ್ವಾಸಕೋಶಕ್ಕೆ ಮಾತ್ರ ತಳ್ಳುತ್ತದೆ. ಕಾರಣ ತಿಳಿದ ಮಗು ಚಿತ್ರವನ್ನು ಮರೆಯುವುದಿಲ್ಲ. ಅಪಧಮನಿಗಳಲ್ಲಿ ಆಮ್ಲಜನಕಯುಕ್ತ ರಕ್ತವೆಂಬ ನಿಯಮಕ್ಕೆ ಶ್ವಾಸಕೋಶದ ಅಪಧಮನಿಯೊಂದು ಅಪವಾದ. ಕೇಳುವವರಿಗೆ ಅಪವಾದದ ಮೇಲೆಯೇ ಕಣ್ಣು!

ಪ್ರಯೋಗದ ಪ್ರಶ್ನೆಯಲ್ಲಿಯೂ ಹೀಗೆಯೇ ‘ಏಕೆ’ ಎಂಬುದನ್ನು ಹಿಡಿಯಬೇಕು. ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಗಿಡವನ್ನು ಮೂರು ದಿನ ಕತ್ತಲಲ್ಲಿ ಇಡುವುದು ಎಲೆಯಲ್ಲಿದ್ದ ಪಿಷ್ಟ ಮುಗಿಯಲೆಂದು. ಎಲೆಯನ್ನು ಆಲ್ಕೋಹಾಲಿನಲ್ಲಿ ಕುದಿಸುವುದು ಹಸಿರು ಹೋಗಲೆಂದು. ಆ ಪಾತ್ರೆಯನ್ನು ನೇರ ಉರಿಯ ಮೇಲಿಡದೆ ಬಿಸಿನೀರಿನಲ್ಲಿ ಇಡುವುದು ಆಲ್ಕೋಹಾಲಿಗೆ ಬೆಂಕಿ ಹತ್ತೀತೆಂದು. ಅಯೋಡಿನ್ ಹಾಕಿದಾಗ ನೀಲಿಗಪ್ಪಾದರೆ ಅಲ್ಲಿ ಪಿಷ್ಟವಿದೆ. ಈ ನಾಲ್ಕು ಕಾರಣ ಬಲ್ಲವನಿಗೆ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಭಯವಿಲ್ಲ.

ನಮ್ಮ ಮಕ್ಕಳಿಗೆ ಪಟ್ಟಣದ ಮಕ್ಕಳಿಗಿಲ್ಲದ ಒಂದು ಅನುಕೂಲವೂ ಇದೆ. ಅರ್ಧ ಪಾಠ ಹೊಲದಲ್ಲಿಯೇ ಇದೆ. ಹಿಪ್ಪುನೇರಳೆಯನ್ನು ಬೀಜ ಹಾಕದೆ ಕಡ್ಡಿ ನೆಟ್ಟು ಬೆಳೆಸುತ್ತೇವೆ. ಪುಸ್ತಕದಲ್ಲಿ ಅದೇ ಕಾಯಜ ಸಂತಾನೋತ್ಪತ್ತಿ, ಹೊಸ ಗಿಡ ತಾಯಿಗಿಡದ ಗುಣವನ್ನೇ ಹೊತ್ತಿರುವುದು ಅದರ ಪ್ರಯೋಜನ. ಸೊಪ್ಪನ್ನು ಬಿಸಿಲೇರುವ ಮೊದಲೇ ಕೊಯ್ಯುವುದು ಬಾಡಬಾರದೆಂದು, ಅಲ್ಲಿ ಬಾಷ್ಪವಿಸರ್ಜನೆಯ ಪಾಠವಿದೆ. ಕಡಲೆಕಾಯಿ ಗಿಡವನ್ನು ಕಂಬಳಿಹುಳು ತಿನ್ನುತ್ತದೆ, ಹುಳವನ್ನು ಹಕ್ಕಿ ತಿನ್ನುತ್ತದೆ, ಹಕ್ಕಿಯನ್ನು ಗಿಡುಗ ಹಿಡಿಯುತ್ತದೆ. ಗಿಡದಲ್ಲಿ 10,000 ಜೂಲ್ ಶಕ್ತಿ ಇದ್ದರೆ ಹುಳಕ್ಕೆ 1,000, ಹಕ್ಕಿಗೆ 100, ಗಿಡುಗಕ್ಕೆ 10 ಮಾತ್ರ ಸಿಗುತ್ತದೆಂಬುದು ಶೇಕಡ ಹತ್ತರ ನಿಯಮ. ಅಡಿಗೆಮನೆಯಲ್ಲಿ ಬಿಸಿ ಹೆಂಚು ತಾಗಿದ ಕೈ, ನೋವು ತಿಳಿಯುವ ಮೊದಲೇ ಹಿಂದೆ ಬರುತ್ತದೆ. ಚರ್ಮದ ಗ್ರಾಹಕದಿಂದ ಸಂವೇದನಾ ನರ, ಅಲ್ಲಿಂದ ಮೆದುಳುಬಳ್ಳಿ, ಅಲ್ಲಿಂದ ಚಾಲಕ ನರ, ಕೊನೆಗೆ ಸ್ನಾಯು. ಈ ಕ್ರಮವನ್ನು ಹುಡುಗಿ ರೊಟ್ಟಿ ಬೇಯಿಸುವ ತಾಯಿಗೆ ಹೇಳಿ ತೋರಿಸಲಿ.

ಅನುವಂಶೀಯತೆಯ ಪಾಠದ ಬಗ್ಗೆ ಸ್ವಲ್ಪ ಹೆಚ್ಚಾಗಿಯೇ ಬರೆಯಬೇಕೆನಿಸುತ್ತದೆ. ಆ ಶಾಸ್ತ್ರ ಹುಟ್ಟಿದ್ದೂ ಒಂದು ಮಠದಲ್ಲಿಯೇ ಎಂದರೆ ನಮ್ಮ ಓದುಗರಿಗೆ ಸಂತೋಷವಾದೀತು. ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ ಬ್ರನೋ ಪಟ್ಟಣದ ಮಠದ ತೋಟದಲ್ಲಿ ವರ್ಷಗಟ್ಟಲೆ ಬಟಾಣಿ ಬೆಳೆಸಿ ಎಣಿಸಿ, 1866ರಲ್ಲಿ ಪ್ರಬಂಧ ಪ್ರಕಟಿಸಿದರು. ಎತ್ತರ ಗಿಡ್ಡ ಗಿಡಗಳ ಎರಡನೆಯ ಪೀಳಿಗೆಯಲ್ಲಿ ಅವರು ಎಣಿಸಿದ್ದು 787 ಎತ್ತರದವು, 277 ಗಿಡ್ಡವು. ಸುಮಾರು ಮೂರಕ್ಕೆ ಒಂದು. ಲೋಕ ಅವರ ಮಾತನ್ನು ಗಮನಿಸಿದ್ದು 1900ರಲ್ಲಿ, ಅವರು ತೀರಿಕೊಂಡ ಹದಿನಾರು ವರ್ಷದ ನಂತರ. ಅದೇ ಪಾಠದಲ್ಲಿ ಲಿಂಗನಿರ್ಧಾರದ ಚಿತ್ರವಿದೆ. ತಾಯಿಯಲ್ಲಿ ಎಕ್ಸ್ ಎಕ್ಸ್ ವರ್ಣತಂತುಗಳು, ತಂದೆಯಲ್ಲಿ ಎಕ್ಸ್ ವೈ. ತಾಯಿಯಿಂದ ಯಾವಾಗಲೂ ಎಕ್ಸ್ ಬರುತ್ತದೆ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದು ಪರೀಕ್ಷೆಗೆ ಮುಖ್ಯವಾದ ಪ್ರಶ್ನೆ. ಎರಡನೆಯದೂ ಹೆಣ್ಣಾಯಿತೆಂದು ಸೊಸೆಯನ್ನು ಆಡಿಕೊಳ್ಳುವ ಮನೆಯಲ್ಲಿಯೇ ಕೂತು ಮಗಳು ಇದನ್ನು ಬಾಯಿಪಾಠ ಮಾಡುತ್ತಿರುತ್ತಾಳೆ. ಈ ಪಾಠವನ್ನು ಮಾತ್ರ ಮನೆಮಂದಿಯೆಲ್ಲ, ವಿಶೇಷವಾಗಿ ಅತ್ತೆ ಮಾವಂದಿರು, ಕೂತು ಕೇಳಬೇಕೆಂದು ನಮ್ಮ ಪ್ರಾರ್ಥನೆ.

ಪರೀಕ್ಷೆಯ ಕೋಣೆಯಲ್ಲಿ ಸಮಯದ ಲೆಕ್ಕ ವ್ಯಾಪಾರದ ಲೆಕ್ಕದಂತೆಯೇ. ಹಿಂದೆ ಹೇಳಿದ ಪತ್ರಿಕೆಯಲ್ಲಿ ಒಂದು ಅಂಕದ 6, ಎರಡು ಅಂಕದ 4, ನಾಲ್ಕು ಅಂಕದ 5, ಎಂಟು ಅಂಕದ 2, ಒಟ್ಟು 17 ಪ್ರಶ್ನೆಗಳಿದ್ದವು. ನೂರಿಪ್ಪತ್ತು ನಿಮಿಷದಲ್ಲಿ ಓದಲು 15, ಕೊನೆಗೆ ತಿರುವಿ ನೋಡಲು 10 ಬಿಟ್ಟರೆ ಉಳಿಯುವುದು 95. ಒಂದು ಅಂಕದವಕ್ಕೆಲ್ಲ ಸೇರಿ 9 ನಿಮಿಷ, ಎರಡು ಅಂಕದ್ದಕ್ಕೆ ತಲಾ 4, ನಾಲ್ಕು ಅಂಕದ್ದಕ್ಕೆ ತಲಾ 8, ಎಂಟು ಅಂಕದ್ದಕ್ಕೆ ತಲಾ 15. ಬುದ್ಧಿವಂತ ಮಕ್ಕಳೇ ಇಲ್ಲಿ ಮೋಸ ಹೋಗುತ್ತಾರೆ. ಬಲ್ಲ ಪ್ರಶ್ನೆಗೆ ಎರಡು ಪುಟ ಬರೆದು, ಕೊನೆಯ ಎಂಟು ಅಂಕವನ್ನು ಮುಟ್ಟದೆ ಗಂಟೆ ಬಾರಿಸಿಕೊಳ್ಳುತ್ತಾರೆ. ಹಾಗೆ ಆಗದಂತೆ ಮನೆಯಲ್ಲಿ ಒಮ್ಮೆಯಾದರೂ ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಪತ್ರಿಕೆ ಬರೆಯಬೇಕು.

ಪ್ರಶ್ನೆಯ ಕ್ರಿಯಾಪದವನ್ನು ಗಮನಿಸಲಿ. ‘ವ್ಯತ್ಯಾಸ ತಿಳಿಸಿ’ ಎಂದರೆ ಎರಡು ಕಂಬಸಾಲಿನ ಕೋಷ್ಟಕ, ‘ಕಾರಣ ಕೊಡಿ’ ಎಂದರೆ ವಿವರಣೆಯಲ್ಲ, ಕಾರಣ. ಚಿತ್ರಕ್ಕೆ ಪೆನ್ಸಿಲ್, ಭಾಗಗಳ ಗೆರೆಗೆ ಸ್ಕೇಲು, ಹೆಸರುಗಳೆಲ್ಲ ಒಂದೇ ಪಕ್ಕ. ಬಣ್ಣ ಬೇಡ. ಉತ್ತರ ಪೂರ್ತಿ ಬಾರದಿದ್ದರೂ ಬಂದಷ್ಟು ಬರೆಯಲಿ, ಖಾಲಿ ಜಾಗಕ್ಕೆ ಯಾರೂ ಅಂಕ ಕೊಡಲಾರರು.

2025ರಲ್ಲಿ ಭೌತಶಾಸ್ತ್ರಕ್ಕೂ ಜೀವಶಾಸ್ತ್ರಕ್ಕೂ ನಡುವೆ ಸಿಕ್ಕಿದ್ದು ಒಂದೇ ದಿನ. ಅಂಥ ದಿನ ಹೊಸ ಪಾಠ ತೆರೆಯಬಾರದು. ಪೆನ್ಸಿಲ್ ಗುರುತಿನ ಜಾಗಗಳು, ಗೋಡೆಯ ಹಾಳೆ, ಚಿತ್ರಗಳು, ಇಷ್ಟೇ. ರಾತ್ರಿ ಹತ್ತಕ್ಕೆ ಮಲಗಲಿ. ಇಡೀ ರಾತ್ರಿ ಎದ್ದಿದ್ದು ಓದಿದ್ದು ಬೆಳಿಗ್ಗೆ ಕೈ ಕೊಡುವುದನ್ನು ಬೇಕಾದಷ್ಟು ಕಂಡಿದ್ದೇವೆ. ಆ ಎಂಟು ದಿನ ಹುಳದ ಸೊಪ್ಪನ್ನು ಬೇರೆ ಯಾರಾದರೂ ಹಾಕಲಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಹುಡುಗನನ್ನು ಕೂರಿಸಬೇಡಿ. ಹಿಂದೂಪುರದ ಒಬ್ಬ ವರ್ತಕಭಕ್ತರು ಮಗನನ್ನು ‘ಒಂದು ಗಂಟೆ ಮಾತ್ರ’ ಎಂದು ಹುಣಸೆಯ ತೂಕಕ್ಕೆ ಕರೆದೊಯ್ದು ಸಂಜೆಯವರೆಗೆ ನಿಲ್ಲಿಸಿಕೊಂಡದ್ದನ್ನು ಅವರೇ ನಮ್ಮ ಮುಂದೆ ಹೇಳಿ ನೊಂದುಕೊಂಡರು.

ಒಂದು ವೇಳೆ ಫಲಿತಾಂಶ ಕೈಕೊಟ್ಟರೆ, ಆ ಬೇಸಿಗೆಯಲ್ಲಿಯೇ ಅಡ್ವಾನ್ಸ್ಡ್ ಸಪ್ಲಿಮೆಂಟರಿ ಪರೀಕ್ಷೆ ನಡೆಯುತ್ತದೆ. ಶುಲ್ಕ ಕಟ್ಟಿ ಬರೆಸಿ. ಮಗಳು ಫೇಲಾದಳೆಂದು ಗಂಡು ನೋಡಲು ಹೊರಡುವುದು, ಮಗನನ್ನು ಅಂಗಡಿಗೇ ಹಾಕುವುದು, ಇವೆರಡನ್ನೂ ಆ ಎರಡನೆಯ ಪರೀಕ್ಷೆ ಮುಗಿಯುವ ತನಕ ಬಾಯಲ್ಲೂ ಎತ್ತಬೇಡಿ.

ಪರೀಕ್ಷೆಯ ದಿನ ಸ್ನಾನ, ಲಿಂಗಪೂಜೆ, ವಿಭೂತಿ ಆದ ಮೇಲೆ ಹೊಟ್ಟೆಗೆ ಹಗುರವಾಗಿ ಏನಾದರೂ ಕೊಡಿ. ಹಾಲ್ ಟಿಕೆಟ್, ಎರಡು ಪೆನ್ನು, ಪೆನ್ಸಿಲ್, ಸ್ಕೇಲು, ರಬ್ಬರು ಹಿಂದಿನ ರಾತ್ರಿಯೇ ಚೀಲದಲ್ಲಿರಲಿ. ಹಳ್ಳಿಯಿಂದ ಬರುವವರು ಒಂದು ಬಸ್ಸು ಮುಂಚೆಯೇ ಹೊರಡಿ. ಮಗು ಹೊರಗೆ ಬಂದ ಕೂಡಲೇ ಪ್ರಶ್ನೆಪತ್ರಿಕೆ ಕಿತ್ತುಕೊಂಡು ‘ಇದಕ್ಕೇನು ಬರೆದೆ’ ಎಂದು ವಿಚಾರಣೆ ಮಾಡಬೇಡಿ. ಸಮಾಜ ವಿಜ್ಞಾನದ ಪರೀಕ್ಷೆ ಇನ್ನೂ ಬಾಕಿ ಇರುತ್ತದೆ.